ಕೂಗದೆ ಓಡಿದ ನಿಂಗಮ್ಮ

"ನಾನು ಕೈ ಎತ್ತೋ ತನಕ ಉಸಿರೆತ್ತಬ್ಯಾಡಮ್ಮ" ಎಂದು ಕುರಿ ಕಾಯುವ ನಿಂಗಮ್ಮನಿಗೆ ತಾಕೀತು ಮಾಡಿ ಟೇಪ್ ರೆಕಾರ್ಡರಿನ ಗುಂಡಿ ಒತ್ತಿದೆ. ಎಂಬತ್ತರ ದಶಕ. ವಿದ್ಯಾರ್ಥಿಗಳಾಗಿದ್ದ ನಾವು ತೆಗೆಯುತ್ತಿದ್ದ ಚಿತ್ರಕ್ಕೆ ಉಚ್ಚಂಗಿದುರ್ಗದ ಬಯಲಲ್ಲಿ ಕುರಿಗಳ ಕೊರಳಗಂಟೆಯ ಸದ್ದು ಹಿಡಿಯುತ್ತಿದ್ದೆವು. ಎರಡು ನಿಮಿಷ ಬೇಕಿತ್ತು. ನನ್ನ ಕಣ್ಣು ಗಡಿಯಾರದ ಮೇಲಿತ್ತು. ಅಷ್ಟರಲ್ಲಿ ಕುರಿಮರಿಯೊಂದು ಹಾಳುಬಾವಿಯತ್ತ ನಡೆದಿತ್ತು. ನಿಂಗಮ್ಮ ಬಾಯಿಗೆ ಸೆರಗು ಒತ್ತಿಕೊಂಡು ಸದ್ದಿಲ್ಲದೆ ಓಡಿದಳು. ಆಕೆ ತಲುಪುವ ಮೊದಲೇ ಮರಿ ಬಾವಿಗೆ ಬಿತ್ತು.

"ಒಂದ್ಸಲ ಕೂಗಿದ್ರ ನಿಲ್ತಿತ್ತಲ್ಲಮ್ಮ" ಎಂದೆ.

"ನಿಲ್ತಿತ್ತು. ನೀವ ಸುಮ್ಕಿರು ಅಂದಿದ್ರಲ್ರಿ, ಯಪ್ಪಾ."

ಚಿತ್ರದಲ್ಲಿ ಗಂಟೆಯ ಸದ್ದನ್ನು ಎಲ್ಲರೂ ಮೆಚ್ಚಿದರು. ಮರಿ ನೀರಿಗೆ ಬಿದ್ದ ಸದ್ದನ್ನು ನಾನೇ ಕತ್ತರಿಸಿ ತೆಗೆದಿದ್ದೆ. ನಿಂಗಮ್ಮನ ಕ್ಷಮೆ ಕೇಳಲು ಮಾತ್ರ ಮತ್ತೆ ಆ ಕಡೆ ಹೋಗಲಿಲ್ಲ.