ಚೂರಾಗದ ಇಂಜಿನ್ನು

ನಮ್ಮ ಕ್ಲಬ್ಬಿನಲ್ಲಿ ಯಾರದಾದರೂ ರೈಲು ಮೇಜಿನಿಂದ ಕೆಳಗೆ ಬಿದ್ದರೆ ನಾವು ಅಯ್ಯೋ ಅನ್ನುವುದಿಲ್ಲ, ಚಪ್ಪಾಳೆ ತಟ್ಟುತ್ತೇವೆ. ಪ್ಲಾಸ್ಟಿಕ್ಕಿನ ಆಟದ ಇಟ್ಟಿಗೆಗಳನ್ನು ಒಂದರ ಮೇಲೊಂದು ಒತ್ತಿ ಕಟ್ಟಿದ ರೈಲು ಬಿದ್ದರೆ ಚೂರುಚೂರಾಗುತ್ತದೆ. ಚಳಿಗಾಲವಿಡೀ ಕೂತು ಜೋಡಿಸಿದ್ದು ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಬೆಂಚಿನ ಕೆಳಗೆ, ನೋಡಲು ಬಂದವರ ಬೂಟಿನ ಕೆಳಗೆ ಹರಡಿಕೊಳ್ಳುತ್ತದೆ. ಆಗ ಎಲ್ಲರೂ ಮಂಡಿಯೂರಿ ಹೆಕ್ಕಿಕೊಡುತ್ತೇವೆ. ಬೀಳಿಸಿಕೊಂಡವನಿಗೆ ಕ್ಲಬ್ಬಿನ ಕಡೆಯಿಂದ ಒಂದು ಬಿಯರ್. ಅವನು ಅಲ್ಲೇ ನೆಲದ ಮೇಲೆ ಕೂತು ಮತ್ತೆ ಕಟ್ಟಲು ಶುರುಮಾಡುತ್ತಾನೆ. ನಾನು ನಮ್ಮ ಚೆಕ್ ಊರು ಪ್ರೆರೋವಿನ ರೈಲ್ವೆ ಸ್ಟೇಷನ್ನಿನಲ್ಲಿ ಕ್ಯಾಂಟೀನು ನಡೆಸುವವಳು. ದಿನವಿಡೀ ನಿಜವಾದ ರೈಲು ನೋಡಿಯೂ ಸಾಲದೆ ಸಂಜೆ ಆಟದ ರೈಲು ಹಿಡಿದು ಕೂರುತ್ತೀಯಲ್ಲ ಎಂದು ನನ್ನ ತಂಗಿ ತಲೆ ಚಚ್ಚಿಕೊಳ್ಳುತ್ತಾಳೆ. ಚಚ್ಚಿಕೊಳ್ಳಲಿ.

ರಾಡೊವಾನ್ ಶ್ಕ್ವೋರ್ ನಮ್ಮ ಕ್ಲಬ್ಬಿನ ಹಿರಿಯ. ಕಸುಬು ಹಲ್ಲಿನ ಸೆಟ್ಟು ಮಾಡುವುದು. ಊರಿನ ಅರ್ಧದಷ್ಟು ಮುದುಕರು ಅವನು ಮಾಡಿಕೊಟ್ಟ ಹಲ್ಲಿನಲ್ಲೇ ಹಂದಿಮಾಂಸ ಅಗಿಯುತ್ತಾರೆ, ಅದೇ ಹಲ್ಲು ಕಿರಿದು ಅವನನ್ನೇ ಬೈಯುತ್ತಾರೆ. ಮನುಷ್ಯ ಹಾಗಿದ್ದ. ಒಂದು ಒಳ್ಳೆಯ ಮಾತು ಆಡಿದರೆ ಬಾಯಿಂದ ಮುತ್ತು ಉದುರಿ ಹೋಗುತ್ತದೇನೋ ಎಂಬಂತೆ ಬಿಗಿಯಾಗಿರುತ್ತಿದ್ದ. ಆದರೆ ಅವನ ಕೈಯಲ್ಲಿ ಇಟ್ಟಿಗೆಗಳು ಹೇಳಿದ ಹಾಗೆ ಕೇಳುತ್ತಿದ್ದವು, ಅದನ್ನು ಒಪ್ಪಲೇಬೇಕು.

ಪ್ರದರ್ಶನಕ್ಕೆ ಇಡುವ ಪ್ರತಿ ರೈಲನ್ನೂ ಮೊದಲು ಪರೀಕ್ಷಿಸುವುದು ಅವನ ಕೆಲಸ. ಚಾವಣಿಯಿಂದ ಒಂದು ಇಟ್ಟಿಗೆ, ಪಕ್ಕದಿಂದ ಒಂದು ಇಟ್ಟಿಗೆ ಕಿತ್ತು ನೋಡುತ್ತಿದ್ದ. ಬಂದರೆ ಸರಿ. ಬರದಿದ್ದರೆ ಅಂಟು ಹಾಕಿದ್ದಾರೆ ಎಂದರ್ಥ, ಮತ್ತು ಅಂಟು ನಮ್ಮಲ್ಲಿ ಮಹಾಪಾಪ. ಕತ್ತರಿಸಬಾರದು, ಬಣ್ಣ ಬಳಿಯಬಾರದು, ಅಂಟಿಸಬಾರದು. ಕಟ್ಟಿದ್ದೆಲ್ಲ ಮತ್ತೆ ಬಿಚ್ಚಿ ಡಬ್ಬಿಗೆ ಹೋಗುವಂತಿರಬೇಕು. ಈ ನಿಯಮ ಬರೆದವನೂ ಅವನೇ.

ಲುಮೀರ್ ಎಂಬ ಕಸಾಯಿಯವನು ಹೊಸದಾಗಿ ಸೇರಿದ್ದಾಗ ಅವನ ಬೋಗಿಯ ಬಾಗಿಲಿನ ಪಕ್ಕದ ಹಿಡಿಕೆ ಪದೇ ಪದೇ ಬಿದ್ದುಹೋಗುತ್ತಿತ್ತು. ಅವನದು ದಪ್ಪ ಬೆರಳು. ಪಾಪ, ಒಂದು ತೊಟ್ಟು ಅಂಟು ಮುಟ್ಟಿಸಿದ್ದ. ರಾಡೊವಾನ್ ಹಿಡಿಕೆ ಎಳೆದ, ಬರಲಿಲ್ಲ. ಬೋಗಿಯನ್ನು ಎಲ್ಲರಿಗೂ ಕಾಣುವ ಹಾಗೆ ಮೇಜಿನ ನಡುವೆ ಇಟ್ಟು, "ಇದು ಕಟ್ಟಿದ್ದಲ್ಲ, ಅಂಟಿಸಿದ್ದು. ಕೈಲಾಗಲ್ಲ ಅಂದ್ರೆ ಯಾಕೆ ಬರ್ತೀಯ? ಮನೇಲಿ ಶೋಕೇಸಲ್ಲಿ ಇಟ್ಕೊಂಡು ನೋಡ್ತಾ ಇರು," ಅಂದ. ಲುಮೀರನ ಮುಖ ಅವನ ಅಂಗಡಿಯ ಮಾಂಸಕ್ಕಿಂತ ಕೆಂಪಾಯಿತು. ಬೋಗಿಯನ್ನು ಚೀಲಕ್ಕೆ ಹಾಕಿಕೊಂಡು ಹೋದವನು ಆ ವರ್ಷವೆಲ್ಲ ಈ ಕಡೆ ತಲೆ ಹಾಕಲಿಲ್ಲ. ಆಮೇಲೆ ಬಂದ, ಮತ್ತೆ ಕಟ್ಟಿದ, ಈಗ ಚೆನ್ನಾಗಿಯೇ ಕಟ್ಟುತ್ತಾನೆ.

ರಾಡೊವಾನನ ಕೈ ನಡುಗುತ್ತದೆ ಎಂದು ಮೊದಲು ಗೊತ್ತಾಗಿದ್ದು ನನಗೆ. ಬೆಳಿಗ್ಗೆ ನನ್ನ ಕ್ಯಾಂಟೀನಿಗೆ ಕಾಫಿಗೆ ಬರುತ್ತಿದ್ದ. ಕಪ್ಪು ಬಸಿಯ ಮೇಲೆ ಕಟಕಟ ಅನ್ನುತ್ತಿತ್ತು. ಆಮೇಲಾಮೇಲೆ ಅರ್ಧ ಕಪ್ಪು ಸಾಕು ಅನ್ನತೊಡಗಿದ, ಹೊಟ್ಟೆಗೆ ಆಗುವುದಿಲ್ಲವಂತೆ. ಒಂದು ದಿನ ಅವನು ಕೇಳುವ ಮೊದಲೇ ನಾನು ಅರ್ಧ ಕಪ್ಪು ತಂದಿಟ್ಟೆ. ದೊಡ್ಡ ಉಪಕಾರ ಮಾಡಿದೆ ಅಂದುಕೊಂಡಿದ್ದೆ. ಅವನು ಕಪ್ಪನ್ನು ನೋಡಿದ, ನನ್ನನ್ನು ನೋಡಿದ, ಕಿವಿಯವರೆಗೆ ಕೆಂಪಾದ. ಮರುದಿನದಿಂದ ಪ್ಲಾಟ್‌ಫಾರ್ಮಿನ ಮೆಷಿನ್ನಿನಿಂದ ಬರುವ ದರಿದ್ರ ಕಾಫಿ ಕುಡಿಯತೊಡಗಿದ. ಹಲ್ಲಿನ ಕೆಲಸವನ್ನೂ ಬಿಟ್ಟ. ಕಣ್ಣು ಮಂಜಾಗಿದೆ ಎಂದು ಊರಿಗೆಲ್ಲ ಹೇಳಿದ. ಕೈ ಎಂಬ ಮಾತು ಮಾತ್ರ ಬಾಯಿಗೆ ಬರಲಿಲ್ಲ.

ಆ ಚಳಿಗಾಲ ಅವನು ಕಟ್ಟುತ್ತಿದ್ದದ್ದು ನಾವು ಕನ್ನಡಕದ ಇಂಜಿನ್ನು ಎಂದು ಕರೆಯುವ ಹಳೆಯ ಡೀಸೆಲ್ ಇಂಜಿನ್ನನ್ನು. ಅದರ ಮುಂಭಾಗದ ಎರಡು ಕಿಟಕಿಗಳು ಮೂಗಿನ ಮೇಲೆ ಕನ್ನಡಕ ಕೂತಂತೆಯೇ ಇವೆ. ಆ ಓರೆ ಕಿಟಕಿಗಳನ್ನು ಇಟ್ಟಿಗೆಯಲ್ಲಿ ತರುವುದು ಹುಡುಗಾಟವಲ್ಲ. ಅವನ ಹೆಂಡತಿ ಯಾರ್ಮಿಲಾ ಆಮೇಲೆ ನನಗೆ ಹೇಳಿದಳು: ಒಂದು ಸಾಲು ಕೂರಿಸುವಷ್ಟರಲ್ಲಿ ಕೈ ಎಗರಿ ಕೆಳಗಿನ ಎರಡು ಸಾಲು ಕಿತ್ತುಬರುತ್ತಿತ್ತಂತೆ. ಮತ್ತೆ ಕಟ್ಟುವುದು, ಮತ್ತೆ ಕೀಳುವುದು. ಡಾಕ್ಟರ ಮಾತ್ರೆಯಿಂದ ನಿದ್ದೆ ಬಂತೇ ಹೊರತು ನಡುಕ ನಿಲ್ಲಲಿಲ್ಲ. ಕೊನೆಗೊಂದು ಮಧ್ಯಾಹ್ನ ಕೋಣೆಯ ಬಾಗಿಲು ಹಾಕಿಕೊಂಡ. ಹೆಂಡತಿಗೆ ಹಲ್ಲಿನ ಸೆಟ್ಟಿಗೆ ಬಳಸುವ ಅಂಟಿನ ವಾಸನೆ ಬಂತು. ಅವಳು ಬಾಗಿಲು ತಟ್ಟಲಿಲ್ಲ, ಅಡಿಗೆಮನೆಗೆ ಹೋಗಿ ಕೂತಳು.

ಶರತ್ಕಾಲದ ಪ್ರದರ್ಶನ ಊರಿನ ಸೊಕೊಲ್ ಸಂಘದ ವ್ಯಾಯಾಮಶಾಲೆಯಲ್ಲಿ. ಎಂದಿನಂತೆ ರಾಡೊವಾನನೇ ಪರೀಕ್ಷೆಗೆ ನಿಂತ, ಆದರೆ ಈ ಸಲ ಎರಡೂ ಕೈ ಜೇಬಿನಲ್ಲಿ. "ನೀವೇ ಕಿತ್ತು ತೋರ್ಸಿ," ಅನ್ನುತ್ತಿದ್ದ. ಇವನಿಗೆ ದೊರೆತನ ಬಂತಲ್ಲಪ್ಪ ಎಂದು ನಾವು ಹಿಂದಿನಿಂದ ನಕ್ಕೆವು. ಅವನ ಇಂಜಿನ್ನಿನಿಂದ ಇಟ್ಟಿಗೆ ಕಿತ್ತು ನೋಡುವ ಯೋಚನೆ ಯಾರಿಗೂ ಬರಲಿಲ್ಲ.

ಭಾನುವಾರ ಊಟದ ಹೊತ್ತಿಗೆ ಹಾಲ್ ತುಂಬಿತ್ತು. ಕನ್ನಡಕದ ಇಂಜಿನ್ನನ್ನು ಹಳಿಯ ಮೇಲೆ ಕೂರಿಸಬೇಕು. ಎಲ್ಲ ಚಕ್ರಗಳೂ ಒಮ್ಮೆಗೇ ಕೂರಬೇಕು. ಅವನು ಇಟ್ಟ, ಎತ್ತಿದ, ಮತ್ತೆ ಇಟ್ಟ. ಪಕ್ಕದಲ್ಲಿದ್ದ ಲುಮೀರ್ ಸಹಾಯಕ್ಕೆ ಕೈ ಚಾಚಿದರೆ, ನಿನ್ನ ಸಾಸೇಜು ಬೆರಳು ದೂರ ಇಡು ಎಂದು ಮೊಣಕೈಯಿಂದ ತಳ್ಳಿದ. ನಾನು ಎದುರಿಗೇ ಇದ್ದೆ. ಹಿಂದಿನ ಒಂದು ಚಕ್ರ ಹಳಿಯ ಹೊರಗಿದ್ದದ್ದು ನನಗೆ ಕಾಣುತ್ತಿತ್ತು. ಹೇಳಿದರೆ ಅರ್ಧ ಕಪ್ಪಿನ ಕಥೆಯೇ ಆಗುತ್ತದೆಂದು ಬಾಯಿ ಮುಚ್ಚಿಕೊಂಡೆ. ಇಂಜಿನ್ನು ಹೊರಟಿತು, ನೇರ ಹಳಿ ದಾಟಿತು, ತಿರುವಿನಲ್ಲಿ ಎಗರಿ, ಹಿಂದೆ ಕೊಂಡಿ ಹಾಕಿದ್ದ ಬೋಗಿಗಳನ್ನೂ ಎಳೆದುಕೊಂಡು ನೆಲಕ್ಕೆ ಬಿತ್ತು.

ಬೋಗಿಗಳು ಪುಡಿಪುಡಿಯಾದವು. ನಾವು ಚಪ್ಪಾಳೆ ಶುರುಮಾಡಿದೆವು. ಇಂಜಿನ್ನು ಮಾತ್ರ ಒಮ್ಮೆ ಪುಟಿಯಿತು, ಉರುಳಿತು, ಗೋಡೆಗೆ ತಾಗಿ ನಿಂತಿತು. ಇಡಿಯಾಗಿತ್ತು. ಒಂದು ಇಟ್ಟಿಗೆ ಕೂಡ ಅಲುಗಿರಲಿಲ್ಲ. ನಮ್ಮ ಚಪ್ಪಾಳೆ ಒಬ್ಬೊಬ್ಬರಾಗಿ ನಿಂತುಹೋಯಿತು. ಏನೂ ಗೊತ್ತಿಲ್ಲದ ಹೊರಗಿನವರು ಮಾತ್ರ ಇನ್ನೂ ಜೋರಾಗಿ ತಟ್ಟುತ್ತಿದ್ದರು. ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡಿದ್ದ ಒಬ್ಬಾತ ರಾಡೊವಾನನ ಹತ್ತಿರ ಬಂದು, "ಏನ್ ಗಟ್ಟಿಯಾಗಿ ಕಟ್ಟಿದ್ದೀರಿ ಸಾರ್, ಎಲ್ಲರದಕ್ಕಿಂತ ನಿಮ್ದೇ ಗಟ್ಟಿ," ಅಂದ. ಮನಸಾರೆ ಹೊಗಳಿದ ಪುಣ್ಯಾತ್ಮ. ನೆಲ ಬಾಯ್ಬಿಟ್ಟು ನುಂಗಬಾರದೇ ಅನ್ನಿಸಿತು ನನಗೇ, ಇನ್ನು ಅವನಿಗೆ ಹೇಗಿದ್ದಿರಬೇಕು.

ಕ್ಲಬ್ಬಿನ ಅಧ್ಯಕ್ಷೆ ಹೆಡ್ವಿಕಾ ಇಂಜಿನ್ನನ್ನು ಎತ್ತಿ ತಂದು ಮೇಜಿನ ಮೇಲಿಟ್ಟಳು. ಅವನೇ ಹೇಳಿದ.

"ಅಂಟಿಸಿದ್ದೀನಿ. ಸೋಮಾರಿತನ. ಕಟ್ಟಿ ಕಟ್ಟಿ ಬೇಜಾರಾಯ್ತು, ಅಂಟಿಸ್ಬಿಟ್ಟೆ."

ಅದು ಸುಳ್ಳೆಂದು ನನಗೆ ಗೊತ್ತಿತ್ತು. ರೋಗಿ ಅನ್ನಿಸಿಕೊಳ್ಳುವುದಕ್ಕಿಂತ ಮೋಸಗಾರ ಅನ್ನಿಸಿಕೊಳ್ಳುವುದೇ ಮೇಲೆಂದು ಅವನು ಅಲ್ಲೇ ನಿಂತು ಆರಿಸಿಕೊಂಡಿದ್ದ. ನಿಯಮ ಎಲ್ಲರಿಗೂ ಒಂದೇ, ಇದನ್ನು ಒಡೆದು ಕಸಕ್ಕೆ ಹಾಕುತ್ತೇನೆ ಎನ್ನುತ್ತ ಎರಡೂ ಕೈಯಿಂದ ಇಂಜಿನ್ನಿನ ಚಾವಣಿ ಹಿಡಿದು ಎಳೆದ. ಊರಿನವರ ಹಲ್ಲನ್ನು ವರ್ಷಗಟ್ಟಲೆ ಹಿಡಿದಿಟ್ಟ ಅಂಟು ಅದು, ಬಿಡುತ್ತದೆಯೇ? ಅವನು ಬಲ ಹಾಕಿದಷ್ಟೂ ಕೈ ನಡುಗಿತು. ಇಂಜಿನ್ನು ಮೇಜಿನ ಅಂಚಿಗೆ ಟಕಟಕ ಬಡಿಯತೊಡಗಿತು. ವರ್ಷವಿಡೀ ಮುಚ್ಚಿಟ್ಟದ್ದನ್ನು ಎಲ್ಲರೂ ನೋಡಿದರು, ನೋಡಿ ತಲೆ ತಗ್ಗಿಸಿದರು. ಹಳೆಯ ಮಾತನ್ನು ತಿರುಗಿ ಆಡಲು ಲುಮೀರನಿಗೆ ಇದಕ್ಕಿಂತ ಒಳ್ಳೆಯ ಸಮಯ ಸಿಗುತ್ತಿರಲಿಲ್ಲ. ಅವನು ಆಡಲಿಲ್ಲ. ನೆಲದ ಮೇಲೆ ಬಗ್ಗಿ ಬೋಗಿಯ ಚೂರು ಹೆಕ್ಕುತ್ತಿದ್ದ. ಬೈದಿದ್ದರೇ ರಾಡೊವಾನನಿಗೆ ಸುಲಭವಾಗುತ್ತಿತ್ತೋ ಏನೋ. ಇಂಜಿನ್ನನ್ನು ಅಲ್ಲೇ ಬಿಟ್ಟು ಕೋಟು ತೊಟ್ಟುಕೊಂಡ. ಗುಂಡಿ ಹಾಕಲಾಗಲಿಲ್ಲ. ಎದೆ ತೆರೆದುಕೊಂಡೇ ಚಳಿಯಲ್ಲಿ ಹೊರಟುಹೋದ.

ಮುಂದಿನ ತಿಂಗಳ ಸಭೆ ಬಿಯರ್ ಅಂಗಡಿಯ ಹಿಂದಿನ ಕೋಣೆಯಲ್ಲಿ. ಅವನು ಬರುವುದಿಲ್ಲ ಎಂದುಕೊಂಡಿದ್ದೆವು. ಬಂದ. ಮೇಜಿನ ಕೊನೆಯಲ್ಲಿ ಕೂತು ಕೈಗಳನ್ನು ಮೇಜಿನ ಕೆಳಗೆ ಇಟ್ಟುಕೊಂಡ. ಎದುರಿಗಿಟ್ಟ ಬಿಯರನ್ನು ಮುಟ್ಟಲಿಲ್ಲ.

ಲುಮೀರ್ ಎದ್ದು ಒಂದು ಸಲಹೆ ಮುಂದಿಟ್ಟ. ಆರೋಗ್ಯದ ಕಾರಣವಿದ್ದರೆ ಅಂತಹ ಸದಸ್ಯರು ಅಂಟು ಬಳಸಬಹುದು ಎಂದು ನಿಯಮಕ್ಕೆ ಒಂದು ಸಾಲು ಸೇರಿಸೋಣ ಎಂದ. ಯಾರ ಹೆಸರನ್ನೂ ಹೇಳಲಿಲ್ಲ. ಹೆಡ್ವಿಕಾ ಅದನ್ನು ಮತ್ತೊಮ್ಮೆ ಓದಿದಳು, ಆಸ್ಪತ್ರೆಯಲ್ಲಿ ರೋಗಿಯ ಪಕ್ಕ ಮಾತಾಡುವ ದನಿಯಲ್ಲಿ. ಒಪ್ಪುವವರು ಕೈ ಎತ್ತಿ ಅಂದಳು. ಎಲ್ಲರ ಕೈಯೂ ಸರಕ್ಕನೆ ಮೇಲೆ ಹೋಯಿತು. ನನ್ನದೂ. ನಾವು ಎಷ್ಟು ಒಳ್ಳೆಯವರು ಎಂದು ನನ್ನ ಕಣ್ಣು ತುಂಬಿಬಂದದ್ದನ್ನು ಈಗ ನೆನೆಸಿಕೊಂಡರೆ ಮುಖ ಎತ್ತಲಾಗುವುದಿಲ್ಲ.

ವಿರೋಧ ಇದೆಯೇ ಎಂದು ಹೆಡ್ವಿಕಾ ಶಾಸ್ತ್ರಕ್ಕೆ ಕೇಳಿದಳು. ಅಷ್ಟರಲ್ಲೇ ಪೆನ್ನಿನ ಮುಚ್ಚಳ ಹಾಕುತ್ತಿದ್ದಳು.

ರಾಡೊವಾನ್ ಬಲಗೈ ಎತ್ತಿದ. ಕೈ ಭುಜದಿಂದಲೇ ನಡುಗುತ್ತಿತ್ತು. ಅದನ್ನು ಇನ್ನೊಂದು ಕೈಯಿಂದ ಹಿಡಿದುಕೊಳ್ಳಲಿಲ್ಲ.

ಲುಮೀರ್ ಮೆಲ್ಲಗೆ, "ನಿಮಗೋಸ್ಕರಾನೇ ರೀ ಇದು," ಅಂದ.

"ಗೊತ್ತು," ಅಂದ ರಾಡೊವಾನ್. "ಅಂಟಿಸಿದ್ದು ಅಂಟಿಸಿದ್ದೇ. ಕೈಲಾಗದಿದ್ರೆ ನಾಲ್ಕೇ ಇಟ್ಟಿಗೇದು ಕಟ್ತೀನಿ. ನಿನಗೆ ಅವತ್ತು ಹಾಗೆ ಅನ್ಬಾರ್ದಿತ್ತು ಲುಮೀರ್. ಎಲ್ಲರ ಎದುರಿಗೆ ಅನ್ಬಾರ್ದಿತ್ತು. ಆದ್ರೆ ನನಗೆ ಅಂತ ನಿಯಮ ಬದಲಾಯಿಸ್ಬೇಡಿ."

ನಮ್ಮ ಕೈಗಳೆಲ್ಲ ಎಷ್ಟು ಸುಲಭವಾಗಿ ಎದ್ದು ಎಷ್ಟು ಸುಲಭವಾಗಿ ಇಳಿದಿದ್ದವು ಎಂದು ನೆನೆದು ನಾನು ಬಿಯರಿನ ನೊರೆಯನ್ನೇ ನೋಡುತ್ತ ಕೂತೆ. ಹೆಡ್ವಿಕಾ, ಸಾಕು, ಇಳಿಸು ಅಂದಳು. ಅವನು ಇಳಿಸಲಿಲ್ಲ.

"ನನ್ನ ವಿರೋಧ ಬರ್ಕೊಂಡ್ಯಾ?"

ಅವಳು ಮುಚ್ಚಳ ತೆಗೆದು ಬರೆದುಕೊಂಡಳು. ಆಮೇಲೆ ಅವನು ಕೈ ಇಳಿಸಿ ಮೇಜಿನ ಮೇಲೆ, ನಮ್ಮೆಲ್ಲರ ಕಣ್ಣೆದುರು ಇಟ್ಟ. ಅದು ಅಲ್ಲೇ ನಡುಗುತ್ತಿತ್ತು.