ಚೀಟಿ ಬಾರದ ಓಣಿ

ನಮ್ಮ ಮನೆಯ ಮಹಡಿಯಲ್ಲಿ ಬಾಡಿಗೆಗಿರುವ ದಾಕ್ಷಾಯಣಿ ದೊಡ್ಡ ಓದಿನವಳು. ಬಡ ದೇಶಗಳಲ್ಲಿ ಸರ್ಕಾರ ಏನು ಮಾಡಿದರೆ ಬಡವರಿಗೆ ನಿಜಕ್ಕೂ ಉಪಯೋಗ ಎಂದು ಸಂಶೋಧನೆ ಮಾಡುವುದು ಅವಳ ಕೆಲಸ. ಬಾಗಲಕೋಟೆ ಕಡೆಯವಳು. ಬೆಳಿಗ್ಗೆ ಸ್ಕೂಟಿ ಹತ್ತಿದರೆ ಸಂಜೆ ಗೊರಗುಂಟೆಪಾಳ್ಯದ ಧೂಳನ್ನೆಲ್ಲ ಮುಖಕ್ಕೆ ಮೆತ್ತಿಕೊಂಡು ಬರುತ್ತಿದ್ದಳು. "ಇಷ್ಟು ಓದಿ ಬೀದಿ ಬೀದಿ ಅಲೀತೀಯಲ್ಲಮ್ಮ, ನಿನ್ಗೇನ್ ಗ್ರಹಚಾರ?" ಎಂದು ಬೈದರೆ ನಗುತ್ತಿದ್ದಳು. ಈಗ ನಾನು ಏನಂದರೂ ನಗುವುದಿಲ್ಲ.

ದಾಸರಹಳ್ಳಿಯಲ್ಲಿ ಗಾರ್ಮೆಂಟ್ಸಿಗೆ ಹೋಗುವ ತಾಯಂದಿರ ಕೂಸುಗಳಿಗೆ ಶಿಶುವಿಹಾರ ತೆರೆಯಲು ಹೊರದೇಶದ ಸಂಸ್ಥೆಯೊಂದು ಒಪ್ಪಿತ್ತು. ಆದರೆ ಎಲ್ಲ ಬೀದಿಗಳಿಗೂ ಅಲ್ಲ. ಚೀಟಿ ಎತ್ತಿ ಅರ್ಧ ಬೀದಿಗಳಿಗೆ ಕೊಡುವುದು, ಉಳಿದರ್ಧಕ್ಕೆ ಕೊಡದೆ ಸುಮ್ಮನೆ ನೋಡುತ್ತಿರುವುದು. ಎರಡನ್ನೂ ಹೋಲಿಸಿದರೆ ತಾನೇ ಶಿಶುವಿಹಾರದಿಂದ ಏನಾಯಿತೆಂದು ತಿಳಿಯುವುದು? ಈ ಸಂಶೋಧನೆಯ ಪದ್ಧತಿಯೇ ಅದಂತೆ. ಸುಡುಗಾಡು ಪದ್ಧತಿ!

ನಿಂಗವ್ವನ ಬೀದಿಗೆ ಚೀಟಿ ಬರಲಿಲ್ಲ. ಅವಳೂ ದಾಕ್ಷಾಯಣಿಯ ಸೀಮೆಯವಳೇ, ಪೀಣ್ಯದಲ್ಲಿ ಟೈಲರು. ಗಂಡ ಸಂಗಪ್ಪ ಲಾರಿ ಓಡಿಸುತ್ತಾನೆ, ಮನೆಯಲ್ಲಿರುವುದು ಅಪರೂಪ. ಒಂದು ಭಾನುವಾರ ಕಂಕುಳಲ್ಲಿ ಗಂಡುಕೂಸು, ಪಕ್ಕದಲ್ಲಿ ನಾಲ್ಕನೇ ಕ್ಲಾಸಿನ ಮಗಳು ರಕ್ಷಾ, ಹೀಗೆ ನಮ್ಮ ಮನೆಗೇ ಬಂದಳು.

"ಅಕ್ಕಾರ, ಬಾಜೂ ಓಣ್ಯಾಗ ನನ್ನ ಕೂಸಿಗೊಂದು ಜಾಗಾ ಮಾಡಿ ಕೊಡ್ರಿ. ಇಲ್ಲಾಂದ್ರ ಈಕೀನ್ನ ಸಾಲಿ ಬಿಡಸ್ಬೇಕಾಗ್ತದ."

"ನಿನಗೊಬ್ಬಾಕಿಗೆ ಕೊಟ್ರ ಇದು ಬೇಕಾದಂಗ ಹೊಂದಿಸಿದ ಲೆಕ್ಕ ಅಂತಾರ. ಸರ್ಕಾರ ನಂಬಂಗಿಲ್ಲವಾ. ಇದೊಂದು ಮುಗೀಲಿ, ನಿಮ್ಮ ಓಣಿಗೂ ಬರ್ತದ," ಎಂದಳು ದಾಕ್ಷಾಯಣಿ. ಮೂವರಿಗೂ ರೊಟ್ಟಿ ಬಡಿದು ಹಾಕಿ ಕಳಿಸಿದಳು.

ನನಗೆ ಮೈಯೆಲ್ಲ ಉರಿದುಹೋಯಿತು. "ನಿನ್ ಜಾಗದಲ್ಲಿ ನಾನಿದ್ದಿದ್ರೆ ಯಾರಿಗೂ ಹೇಳ್ದೆ ಸೇರಿಸ್ಬಿಡ್ತಿದ್ದೆ ಕಣೇ! ಕಲ್ಲಾ ನಿನ್ ಎದೆ?"

"ಇವಳೊಬ್ಬಳನ್ನ ಉಳಿಸೋಕೆ ಹೋಗಿ ಸಾವಿರಾರು ಮಕ್ಕಳಿಗೆ ಸಿಗೋದನ್ನ ಕಳೀಲಾ ಆಂಟಿ?" ಎಂದಳು.

ರಕ್ಷಾ ಶಾಲೆ ಬಿಟ್ಟಳು. ದಾಕ್ಷಾಯಣಿ ಆಗಾಗ ಆ ಬೀದಿಗೆ ಹೋಗಿ ಮನೆಮನೆಯಲ್ಲೂ ಅವೇ ಪ್ರಶ್ನೆ ಕೇಳಬೇಕು: ಮಕ್ಕಳೆಷ್ಟು, ಯಾರು ಶಾಲೆಗೆ ಹೋಗುತ್ತಾರೆ, ಯಾರು ಬಿಟ್ಟರು, ಯಾಕೆ. ತಮ್ಮನನ್ನು ಸೊಂಟಕ್ಕೇರಿಸಿಕೊಂಡು ಆ ಹುಡುಗಿಯೇ ಬಾಗಿಲಲ್ಲಿ ನಿಂತು ಉತ್ತರ ಹೇಳುತ್ತಿದ್ದಳಂತೆ. ಮತ್ತೆ ಶಾಲೆಗೆ ಸೇರಿಸೋಣವೆಂದರೆ ಅದೂ ಸಂಶೋಧನೆಯ ಲೆಕ್ಕದಲ್ಲಿ ಕೈ ಹಾಕಿದಂತಾಗುತ್ತದೆ. ಅಲ್ಲಿಗೆ ಹೋಗಿ ಬಂದ ದಿನ ದಾಕ್ಷಾಯಣಿ ಊಟ ಮಾಡುತ್ತಿರಲಿಲ್ಲ. ನಾನು ಸಾರು ತೆಗೆದುಕೊಂಡು ಹೋದರೆ ಬಾಗಿಲೂ ತೆಗೆಯುತ್ತಿರಲಿಲ್ಲ.

ಮೂರು ವರ್ಷದ ಕೊನೆಗೆ ಸಂಶೋಧನೆ ಗೆದ್ದಿತು. ಶಿಶುವಿಹಾರವಿದ್ದ ಬೀದಿಗಳಲ್ಲಿ ಅಕ್ಕಂದಿರು ಶಾಲೆಯಲ್ಲೇ ಉಳಿದಿದ್ದರು, ಇಲ್ಲದ ಕಡೆ ಬಿಟ್ಟಿದ್ದರು. ವಿದೇಶದ ಸಭೆಯಲ್ಲಿ ಚಪ್ಪಾಳೆ ಬಿತ್ತಂತೆ, ಸರ್ಕಾರವೂ ಒಪ್ಪಿತು. "ರಕ್ಷಾ ಶಾಲೆ ಬಿಟ್ಟಿದ್ದಕ್ಕೇ ಅಲ್ವಾ ಆಂಟಿ ಅವರು ನಂಬಿದ್ದು?" ಎಂದಳು.

ಹೋದ ತಿಂಗಳು ನಿಂಗವ್ವನ ಬೀದಿಯಲ್ಲೂ ಶಿಶುವಿಹಾರ ಶುರುವಾಯಿತು. ನಾನೂ ಜೊತೆಗೆ ಹೋದೆ. ನಿಂಗವ್ವನ ಮಗ ಆಗಲೇ ಒಂದನೇ ಕ್ಲಾಸಿಗೆ ಹೋಗುತ್ತಿದ್ದ. ಹದಿಮೂರರ ರಕ್ಷಾ ಪಕ್ಕದ ಮನೆಯ ಮಗುವಿಗೆ ಅನ್ನ ತಿನ್ನಿಸುತ್ತ ಕೂತಿದ್ದಳು. ದಾಕ್ಷಾಯಣಿ ಅವಳೆದುರು ಕುಕ್ಕರುಗಾಲಲ್ಲಿ ಕೂತು, "ಮತ್ತ ಸಾಲಿಗೆ ಹೋಗ್ತೀಯೇನವಾ? ನಾ ಸೇರಸ್ತೀನಿ," ಎಂದಳು.

ರಕ್ಷಾ ನಾಚಿಕೊಂಡು ತಲೆ ಅಲ್ಲಾಡಿಸಿದಳು. "ಸಣ್ಣ ಹುಡುಗ್ರ ಕೂಡ ಹೆಂಗ್ ಕುಂದರ್ಲಿರಿ? ಓದಾಕ ಮರತೇನ್ರಿ ಅಕ್ಕಾರ. ಇಲ್ಲಿ ಶಿಶುವಿಹಾರದಾಗ ಕೆಲಸ ಕೊಡಸ್ರಿ, ನಾ ದೊಡ್ಡಾಕಿ ಆದಮ್ಯಾಲರ. ಕೂಸು ನೋಡ್ಕೊಳ್ಳೂದೊಂದು ನನಗ ಚಲೋ ಬರ್ತದ."

ದಾಕ್ಷಾಯಣಿ ಅವಳ ತಲೆ ಸವರುತ್ತ ಕೂತುಬಿಟ್ಟಳು. ಬರುವಾಗ ತುಮಕೂರು ರಸ್ತೆಯ ಪಕ್ಕದಲ್ಲಿ ಸ್ಕೂಟಿ ನಿಲ್ಲಿಸಿ ಬಿಕ್ಕಿಬಿಕ್ಕಿ ಅತ್ತಳು. ಶಿಶುವಿಹಾರದಲ್ಲಿ ಆಯಾ ಆಗಲು ಹತ್ತನೇ ಕ್ಲಾಸ್ ಪಾಸಾಗಿರಲೇಬೇಕೆಂದು ಸರ್ಕಾರಕ್ಕೆ ಬರೆದುಕೊಟ್ಟವಳು ಇವಳೇ ಅಂತೆ.