ಅಳೆಯದೆ ಬಿಟ್ಟ ತಿರುವು

ಕಡಬ ತಾಲೂಕು ಕೇಂದ್ರವಾದ ಮೇಲೆ ಆ ಕಡೆಯ ರಸ್ತೆಗಳಲ್ಲಿ ಓಡಾಟ ಒಮ್ಮೆಲೇ ಹೆಚ್ಚಿತು. ಕಚೇರಿ ಕೆಲಸಕ್ಕೆ ಬರುವವರು, ರಬ್ಬರ್ ಶೀಟು ಸಾಗಿಸುವವರು, ಹಳ್ಳಿಗಳಿಗೆ ಹೋಗುವ ಜೀಪುಗಳು, ಎಲ್ಲಕ್ಕೂ ಹಳೆಯ ಕಿರುದಾರಿಯೇ. ಅಂಥದೊಂದು ರಸ್ತೆಯನ್ನು ಅಗಲ ಮಾಡುವ ಯೋಜನೆಗೆ ಅಳತೆ ತೆಗೆಯುವ ಕೆಲಸ ಪುತ್ತೂರಿನ ನಮ್ಮ ಸಣ್ಣ ಕಚೇರಿಗೆ ಸಿಕ್ಕಿತು. ನಾನು ಸುಳ್ಯದವಳು, ಡಿಪ್ಲೊಮಾ ಮುಗಿಸಿ ಕೆಲಸಕ್ಕೆ ಸೇರಿ ವರ್ಷವೂ ಆಗಿರಲಿಲ್ಲ.

ತಿರುವುಗಳ ಅಳತೆ ನನ್ನ ಪಾಲಿಗೆ ಬಂತು. ಎದುರಿನಿಂದ ಬರುವ ವಾಹನ ಎಷ್ಟು ದೂರದಿಂದ ಕಾಣುತ್ತದೆ ಎಂದು ಪ್ರತಿ ತಿರುವಿನಲ್ಲೂ ನೋಡಬೇಕು. ಒಬ್ಬರು ಚಾಲಕನ ಕಣ್ಣಿನ ಎತ್ತರದಲ್ಲಿ ನೋಡುತ್ತಾ ನಿಲ್ಲುತ್ತಾರೆ, ಇನ್ನೊಬ್ಬರು ಬಣ್ಣದ ಕೋಲು ಹಿಡಿದು ದೂರ ನಡೆಯುತ್ತಾ ಹೋಗುತ್ತಾರೆ. ಕೋಲು ಮರೆಯಾದಲ್ಲಿಗೆ ಗುರುತು. ಆ ದೂರ ಸಾಲದಿದ್ದರೆ ಒಳಬದಿಯ ದರೆ, ಅಂದರೆ ರಸ್ತೆಯಂಚಿನ ಎತ್ತರದ ಮಣ್ಣಿನ ಗೋಡೆ, ಕಡಿಯಬೇಕು.

ಆ ದಿನ ಕೋಲು ನನ್ನ ಕೈಯಲ್ಲಿತ್ತು. ತಿರುವಿನ ನಡುವೆ ಇದ್ದಾಗ ಶಬ್ದ ಕೇಳಿ ತಲೆ ಎತ್ತುವಷ್ಟರಲ್ಲಿ ಜೀಪು ಮೈಮೇಲೆಯೇ ಬಂದಿತ್ತು. ದರೆಗೆ ಬೆನ್ನು ಒತ್ತಿ ನಿಂತೆ. ಕೋಲು ಹಾರಿ ಎರಡು ತುಂಡಾಯಿತು. ಜೀಪು ಮುಂದೆ ಹೋಗಿ ನಿಂತಿತು. ಚಾಲಕ ತಲೆ ಹೊರಹಾಕಿ, "ಇಲ್ಲಿ ಎಂತ ಮಾಡುದು ಮಾರಾಯ್ರೆ, ಸಾಯ್ಲಿಕ್ಕಾ?" ಎಂದ.

ದರೆಯ ಮೇಲಿನ ಮನೆಯಿಂದ ಅರುವತ್ತು ದಾಟಿದ ಬ್ಯಾರಿ ಹೆಂಗಸೊಬ್ಬರು ಇಳಿದು ಬಂದು ನನ್ನ ತೋಳು ಹಿಡಿದರು. "ಬಾ ಮಗಳೇ, ಸ್ವಲ್ಪ ಕೂತ್ಕೊ. ಇಲ್ಲಿ ಹಾರ್ನ್ ಹಾಕುದೇ ಇಲ್ಲ ಅವರು." ಅವರ ಜಗಲಿಯಲ್ಲಿ ಕುಳಿತು ಮತ್ತೆ ಮತ್ತೆ ತಿರುವಿನ ಕಡೆ ನೋಡುತ್ತಿದ್ದೆ. ಜತೆಗಿದ್ದ ಸಹೋದ್ಯೋಗಿ, "ಇವತ್ತಿಗೆ ಸಾಕು, ನಾಳೆ ನೋಡುವ" ಎಂದರು.

ಮರುದಿನ ಅವರಿಗೆ ಬೇರೆ ಕಡೆ ಕೆಲಸ ಬಂತು. ಇನ್ನೊಬ್ಬರನ್ನು ಕರೆದುಕೊಂಡು ಹೋಗಬೇಕಾಗಿದ್ದವಳು ನಾನು. ಹೋಗಲಿಲ್ಲ. ದೂರ ಸಾಕಷ್ಟಿದ್ದ ಹಿಂದಿನ ತಿರುವಿನ ಅಳತೆಯನ್ನೇ ಈ ತಿರುವಿಗೂ ಬರೆದು ಕೊಟ್ಟೆ. ಕಚೇರಿಯಲ್ಲಿ ಯಾರೂ ಕೇಳಲಿಲ್ಲ. ನಕ್ಷೆ ತಯಾರಾಯಿತು, ಪಂಚಾಯತಿನಲ್ಲಿ ಜನರಿಗೆ ತೋರಿಸಿಯೂ ಆಯಿತು.

ಅಲ್ಲಿಂದ ಮುಂದೆ ನಾನು ನಾನಾಗಿರಲಿಲ್ಲ. ಬೆಳಿಗ್ಗೆ ಪೇಪರು ಬಂದರೆ ಮೊದಲು ಅಪಘಾತದ ಸುದ್ದಿ ಹುಡುಕುತ್ತಿದ್ದೆ. ಕಡಬ ಎಂಬ ಹೆಸರು ಕಂಡರೆ ಆ ಸುದ್ದಿಯನ್ನು ಎರಡೆರಡು ಸಲ ಓದುತ್ತಿದ್ದೆ. ಸುಳ್ಯದಿಂದ ಪುತ್ತೂರಿಗೆ ಹೋಗುವ ಬಸ್ಸು ಪ್ರತಿ ತಿರುವಿಗೆ ವಾಲಿದಾಗಲೂ ಎದುರಿನ ಸೀಟಿನ ಕಂಬಿಯನ್ನು ಬಿಗಿಯಾಗಿ ಹಿಡಿಯುತ್ತಿದ್ದೆ. ರಸ್ತೆ ಅಗಲವಾದರೆ ಜೀಪುಗಳು ಇನ್ನೂ ಜೋರಾಗಿ ಬರುತ್ತವೆ, ಆ ದರೆ ಮಾತ್ರ ಹಾಗೆಯೇ ಇರುತ್ತದೆ ಎಂಬುದು ನನ್ನೊಬ್ಬಳಿಗೆ ಗೊತ್ತಿತ್ತು.

ರಸ್ತೆ ಕೆಲಸ ಶುರುವಾಗುವ ಮಾತು ಬಂದ ದಿನ ಹಿರಿಯ ಎಂಜಿನಿಯರರ ಮೇಜಿನ ಮುಂದೆ ಹೋಗಿ ನಿಂತೆ.

"ಒಂದು ತಿರುವು ಅಳೆಯಲಿಲ್ಲ ಸರ್. ಸುಮ್ಮನೆ ಬರೆದದ್ದು."

"ಜೀಪು ಬಂತು ಅಂದಿದ್ರಲ್ಲ, ಅದಾ?"

"ಹೌದು ಸರ್."

ಅವರು ನಕ್ಷೆ ಬಿಡಿಸಿ ಆ ತಿರುವಿನ ಮೇಲೆ ಬೆರಳಿಟ್ಟರು. "ಹೆದರಿದ್ದು ತಪ್ಪಲ್ಲ. ಬರೆದದ್ದು ಯಾಕೆ?"

ಕೆಲಸ ಹೋಯಿತು ಎಂದೇ ಅಂದುಕೊಂಡೆ. "ನಾಳೆ ನಾನೂ ಬರ್ತೇನೆ, ಎರಡೂ ಬದಿ ಜನ ನಿಲ್ಲಿಸಿ ಅಳೆಯುವ" ಎಂದಷ್ಟೇ ಹೇಳಿ ಅವರು ನಕ್ಷೆ ಮಡಚಿದರು.

ಅಳೆದಾಗ ಸಿಕ್ಕಿದ ದೂರ ನಾನು ಬರೆದದ್ದರ ಅರ್ಧವೂ ಇರಲಿಲ್ಲ. ದರೆ ಕಡಿಯಲೇಬೇಕಿತ್ತು. ತಲೆ ಎತ್ತಿ ನೋಡಿದರೆ ದರೆಯ ಅಂಚಿನಲ್ಲಿ ಕೆಂಪುಕಲ್ಲಿನ ಹೊಸ ಕಂಪೌಂಡು ಗೋಡೆ. ಮೊದಲು ಅದು ಇರಲಿಲ್ಲ.

ವಿಷಯ ಹೇಳಲು ನಾನೇ ಆ ಮನೆಯ ಮೆಟ್ಟಿಲು ಹತ್ತಿದೆ. ಜೀಪು ಬಂದ ದಿನಕ್ಕಿಂತ ಹೆಚ್ಚು ಹೆದರಿಕೆ ಆ ಮೆಟ್ಟಿಲುಗಳಲ್ಲಿ ಆಯಿತು. ಅಂದು ನನ್ನನ್ನು ಜಗಲಿಯಲ್ಲಿ ಕೂರಿಸಿದ್ದ ಹೆಂಗಸು ಪೂರ್ತಿ ಕೇಳಿಸಿಕೊಂಡರು.

"ಪಂಚಾಯತಿನಲ್ಲಿ ನಮ್ಮ ಜಾಗ ಹೋಗುದಿಲ್ಲ ಅಂತ ತೋರಿಸಿದ್ರಲ್ಲ?"

"ಅದು ನನ್ನ ತಪ್ಪು."

"ಗಲ್ಫಿಂದ ಮಗ ರಜೆಯಲ್ಲಿ ಬಂದು ನಿಂತು ಕಟ್ಟಿಸಿದ್ದು ಇದು. ಅವ ಫೋನು ಮಾಡಿದ್ರೆ ನಾನು ಎಂತ ಹೇಳುದು?"

ಅವರು ಧ್ವನಿ ಏರಿಸಲಿಲ್ಲ. ಕುಳಿತುಕೋ ಎಂದೂ ಹೇಳಲಿಲ್ಲ.

ಗೋಡೆ ತೆಗೆಯುವ ದಿನ ಹೋಗದಿರಲು ನೆಪ ಹುಡುಕಿದೆ, ಕೊನೆಗೆ ಹೋದೆ. ಕಲ್ಲುಗಳನ್ನು ಒಡೆಯದೆ ಬಿಡಿಸಿ ಹಿತ್ತಲಲ್ಲಿ ಜೋಡಿಸಿಕೊಡಲು ಸರ್ ಕೆಲಸದವರನ್ನು ಒಪ್ಪಿಸಿದ್ದರು. ಎಲ್ಲಿಯವರೆಗೆ ಕಡಿಯುತ್ತಾರೆ ಎಂದು ಆ ಹೆಂಗಸು ಕೇಳಿದರು. ನಾನು ಟೇಪು ಬಿಚ್ಚಿದೆ, ಅವರು ತುದಿ ಹಿಡಿದರು. ಅಳತೆ ನಾನು ಓದಿ ಹೇಳಿದ್ದಷ್ಟೇ ಅವರಿಗೆ ಸಾಲಲಿಲ್ಲ.

"ಇನ್ನೊಮ್ಮೆ ಅಳೆ," ಎಂದರು.

ಅಳೆದೆ. ಈ ಸಲ ಅವರೇ ಬಗ್ಗಿ ಟೇಪಿನ ಮೇಲಿನ ಸಂಖ್ಯೆ ಓದಿಕೊಂಡರು.